ಪಾಪದಿಂದ ಬಿಡುಗಡೆ: ಪೌಲನ ಪತ್ರವೊಂದರ ತರ್ಕ ಮತ್ತು ಅದರ ಮುಂದಿನ ಕಥೆ

ಕ್ರಿ.ಶ. 57ರ ಆಸುಪಾಸಿನಲ್ಲಿ ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ತಂಗಿದ್ದ, ಯೇಸುವಿನ ಪ್ರೇಷಿತನಾದ ಪೌಲನು, ತಾನು ಅಲ್ಲಿಯವರೆಗೆ ಭೇಟಿ ಕೊಡದಿದ್ದ ರೋಮಿನ ಕ್ರೈಸ್ತ ಸಭೆಗೆ ಒಂದು ದೀರ್ಘ ಪತ್ರವನ್ನು ಹೇಳಿ ಬರೆಸಿದನು. ಬರೆದುಕೊಂಡವನು ತೆರ್ತ್ಯ ಎಂಬಾತ. ಕೊರಿಂಥದ ಬಂದರಾದ ಕೆಂಕ್ರೆಯ ಸಭೆಗೆ ಸೇರಿದ ಫೊಯಿಬೆ ಎಂಬ ಮಹಿಳೆ ಅದನ್ನು ರೋಮಿಗೆ ಒಯ್ದಳೆಂದು ಸಾಮಾನ್ಯವಾಗಿ ನಂಬಲಾಗಿದೆ. ಪಾಪ, ಕೇಡು, ಬಿಡುಗಡೆ ಎಂಬ ಮಾತುಗಳನ್ನು ಕ್ರೈಸ್ತರು ಇಂದಿಗೂ ಯಾವ ಅರ್ಥದಲ್ಲಿ ಬಳಸುತ್ತಾರೋ ಆ ಅರ್ಥದ ಬಹುಪಾಲು ಈ ಪತ್ರದ ಐದರಿಂದ ಎಂಟನೆಯ ಅಧ್ಯಾಯಗಳಲ್ಲಿ ರೂಪುಗೊಂಡಿತು. ಆದ್ದರಿಂದ ಕ್ರೈಸ್ತ ಬಿಡುಗಡೆಯ ಕಲ್ಪನೆಯನ್ನು ಅರಿಯಬೇಕಾದವರು ಪ್ರವಚನಗಳ ರಾಶಿಯನ್ನು ಬದಿಗಿಟ್ಟು, ಮೊದಲು ಈ ನಾಲ್ಕು ಅಧ್ಯಾಯಗಳ ತರ್ಕವನ್ನು ಹಿಡಿಯುವುದು ಒಳ್ಳೆಯದು.

ಪಾಪವೆಂದರೆ ಮಾಡಬಾರದ ಕೆಲಸಗಳ ಪಟ್ಟಿ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಸುಳ್ಳು ಒಂದು ಪಾಪ, ಕಳವು ಇನ್ನೊಂದು, ಹೀಗೆ. ಪೌಲನಿಗೂ ಅಂಥ ಪಟ್ಟಿಗಳು ಗೊತ್ತು, ಬೇರೆಡೆ ಅವನೇ ಅವುಗಳನ್ನು ಕೊಡುತ್ತಾನೆ. ಆದರೆ ಈ ಅಧ್ಯಾಯಗಳಲ್ಲಿ ಅವನು ಪಾಪವನ್ನು ಹೆಚ್ಚಾಗಿ ಏಕವಚನದಲ್ಲಿ, ಒಬ್ಬ ಅರಸನ ಬಗ್ಗೆ ಮಾತಾಡುವಂತೆ ಹೇಳುತ್ತಾನೆ: ಅದು ಲೋಕದೊಳಗೆ ಪ್ರವೇಶಿಸುತ್ತದೆ, ಆಳುತ್ತದೆ, ಮನುಷ್ಯರ ಅಂಗಾಂಗಗಳನ್ನು ತನ್ನ ಆಯುಧಗಳನ್ನಾಗಿ ಮಾಡಿಕೊಳ್ಳುತ್ತದೆ, ಕೊನೆಗೆ ತನ್ನ ಆಳುಗಳಿಗೆ ಮರಣವನ್ನೇ ಸಂಬಳವಾಗಿ ಕೊಡುತ್ತದೆ. ಈ ದೃಷ್ಟಿ ಪೌಲನಿಗಿಂತ ಬಹಳ ಹಳೆಯದು. ಬೈಬಲಿನಲ್ಲಿ ಪಾಪ ಎಂಬ ಮಾತು ಮೊದಲು ಬರುವುದು ಆದಾಮ ಮತ್ತು ಹವ್ವರು ಹಣ್ಣು ತಿಂದ ಕಥೆಯಲ್ಲಿ ಅಲ್ಲ, ಅವರ ಮಗ ಕಾಯಿನನು ತಮ್ಮನನ್ನು ಕೊಲ್ಲುವುದಕ್ಕೆ ಸ್ವಲ್ಪ ಮುಂಚೆ. ಅಲ್ಲಿ ಪಾಪವು ಬಾಗಿಲ ಬಳಿ ಹೊಂಚು ಹಾಕಿ ಮಲಗಿರುವ ಮೃಗದಂತಿದೆ, ಕಾಯಿನನು ಅದನ್ನು ಹತೋಟಿಯಲ್ಲಿಡಬೇಕೆಂದು ದೇವರು ಎಚ್ಚರಿಸುತ್ತಾನೆ. ಅವನು ಇಡಲಿಲ್ಲ.

ಪಾಪವು ಕೇವಲ ತಪ್ಪುಗಳ ಮೊತ್ತವಾಗಿದ್ದರೆ ಅದಕ್ಕೆ ಕ್ಷಮೆಯೊಂದೇ ಸಾಕಾಗುತ್ತಿತ್ತು. ಅದು ಆಳುವ ಶಕ್ತಿಯಾಗಿದ್ದರೆ ಕ್ಷಮೆ ಬೇಕು ನಿಜ, ಆದರೆ ಅದರ ಮೇಲೆ ಆ ಆಳ್ವಿಕೆಯಿಂದ ಹೊರಗೆ ಬರುವ ದಾರಿಯೂ ಬೇಕು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ನಮ್ಮ ಗಾದೆಯಲ್ಲಿರುವ ನ್ಯಾಯವನ್ನು ಪೌಲನು ತಳ್ಳಿಹಾಕುವುದಿಲ್ಲ. ಮನುಷ್ಯನು ಬಿತ್ತಿದ್ದನ್ನೇ ಕೊಯ್ಯುತ್ತಾನೆಂದು ಅವನೂ ಗಲಾತ್ಯದವರಿಗೆ ಬರೆದಿದ್ದಾನೆ. ಅವನ ಪ್ರಶ್ನೆ ಇನ್ನೊಂದು: ಬಿತ್ತುವ ಕೈಯೇ ಇನ್ನೊಬ್ಬನ ವಶದಲ್ಲಿದ್ದರೆ ಏನು ಮಾಡುವುದು?

ಇದಕ್ಕೆ ಉತ್ತರ ಕೊಡಲು ಪೌಲನು ಆರಿಸಿಕೊಂಡ ಭಾಷೆ ಗುಲಾಮಗಿರಿಯದು. ಅವನ ಓದುಗರಿಗೆ ಅದು ಅಲಂಕಾರವಾಗಿರಲಿಲ್ಲ. ಪತ್ರದ ಕೊನೆಯಲ್ಲಿ ಅವನು ವಂದನೆ ಹೇಳುವವರ ಪೈಕಿ ಅಂಪ್ಲಿಯಾತ, ಉರ್ಬಾನ, ಪೆರ್ಸೀ ಮುಂತಾದ ಹೆಸರುಗಳು ಆ ಕಾಲದ ರೋಮಿನಲ್ಲಿ ಗುಲಾಮರಿಗೂ ಗುಲಾಮಗಿರಿಯಿಂದ ಬಿಡುಗಡೆಯಾದವರಿಗೂ ಸಾಮಾನ್ಯವಾಗಿ ಇರುತ್ತಿದ್ದ ಹೆಸರುಗಳು. ಕೊರಿಂಥದ ಎದುರಿಗೆ, ಕೊಲ್ಲಿಯ ಆಚೆ ದಡದ ಬೆಟ್ಟದಲ್ಲಿರುವ ಡೆಲ್ಫಿಯ ಅಪೊಲೋ ದೇವಾಲಯದ ಗೋಡೆಗಳ ಮೇಲೆ ಗುಲಾಮರ ಬಿಡುಗಡೆಯನ್ನು ದಾಖಲಿಸುವ ಸಾವಿರಕ್ಕೂ ಹೆಚ್ಚು ಶಾಸನಗಳು ಸಿಕ್ಕಿವೆ. ಅಲ್ಲಿನ ಕ್ರಮ ಹೀಗಿತ್ತು: ಗುಲಾಮನು ತಾನು ಕೂಡಿಟ್ಟ ಹಣವನ್ನು ಒದಗಿಸುತ್ತಿದ್ದನು, ಯಜಮಾನನು ಅವನನ್ನು ದೇವರಿಗೆ ಮಾರಿದಂತೆ ಪತ್ರವಾಗುತ್ತಿತ್ತು, ದೇವರ ಸೊತ್ತಾದವನನ್ನು ಮುಂದೆ ಯಾವ ಮನುಷ್ಯನೂ ಗುಲಾಮನೆಂದು ಹಿಡಿಯುವಂತಿರಲಿಲ್ಲ. ಹಾಗಿದ್ದೂ ಅನೇಕ ಪತ್ರಗಳಲ್ಲಿ ಒಂದು ಷರತ್ತು ಇರುತ್ತಿತ್ತು. ಬಿಡುಗಡೆಯಾದವನು ಹಳೆಯ ಯಜಮಾನನ ಬಳಿಯೇ ಕೆಲವು ವರ್ಷ, ಕೆಲವೊಮ್ಮೆ ಯಜಮಾನನು ಸಾಯುವವರೆಗೆ, ಸೇವೆ ಮಾಡಿಕೊಂಡಿರಬೇಕಿತ್ತು. ಪೌಲನು ಈ ಶಾಸನಗಳನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾದವಾಯಿತು, ಅಷ್ಟು ನೇರವಾದ ನಂಟನ್ನು ಈಚಿನ ವಿದ್ವಾಂಸರು ಒಪ್ಪುವುದಿಲ್ಲ. ನಂಟು ಇರಲಿ ಬಿಡಲಿ, ಹೋಲಿಕೆ ಮಾತ್ರ ಪ್ರಯೋಜನಕಾರಿ. ಪೌಲನ ಲೆಕ್ಕದಲ್ಲಿ ಗುಲಾಮನ ಕೈಯಲ್ಲಿ ಕಾಸಿಲ್ಲ, ಬೆಲೆ ಕೊಟ್ಟವನು ಬೇರೆಯವನು, ಮತ್ತು ಹಳೆಯ ಯಜಮಾನನಿಗೆ ಸಲ್ಲಬೇಕಾದ ಸೇವೆ ಏನೂ ಉಳಿದಿಲ್ಲ.

ಹೊಸ ಯಜಮಾನನಿಗೆ ಮಾತ್ರ ಉಳಿದಿದೆ. ಆಧುನಿಕ ಓದುಗನು ತಡವರಿಸುವುದು ಇಲ್ಲಿಯೇ. ಬಿಡುಗಡೆಯೆಂದರೆ ಯಾರ ಮಾತನ್ನೂ ಕೇಳಬೇಕಾಗಿಲ್ಲದ ಸ್ಥಿತಿ ಎಂದು ನಾವು ತಿಳಿದಿರುವಾಗ, ಪೌಲನು ನೀವು ಪಾಪದಿಂದ ಬಿಡುಗಡೆ ಹೊಂದಿ ನೀತಿಗೆ ದಾಸರಾದಿರಿ ಎನ್ನುತ್ತಾನೆ. ಈ ಹೋಲಿಕೆ ಒರಟಾದುದೆಂದು ಅವನಿಗೂ ಅನ್ನಿಸಿರಬೇಕು, ನಿಮ್ಮ ಬಲಹೀನತೆಯ ನಿಮಿತ್ತ ಲೋಕರೂಢಿಯ ಮಾತಿನಲ್ಲಿ ಹೇಳುತ್ತಿದ್ದೇನೆಂದು ಅಲ್ಲಿಯೇ ಸಮಜಾಯಿಷಿ ಕೊಡುತ್ತಾನೆ. ಆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮನುಷ್ಯನು ಯಾವುದೋ ಒಂದಕ್ಕೆ ತನ್ನನ್ನು ಒಪ್ಪಿಸಿಕೊಂಡೇ ಬದುಕುತ್ತಾನೆ, ಯಾರ ಅಧೀನವೂ ಅಲ್ಲದ ಜಾಗವೊಂದಿದೆ ಎಂಬುದೇ ಭ್ರಮೆ ಎಂಬುದು ಅವನ ಅಭಿಪ್ರಾಯ. ಈ ಅಭಿಪ್ರಾಯವನ್ನು ಒಪ್ಪದವರಿಗೆ ಕ್ರೈಸ್ತ ಬಿಡುಗಡೆಯ ಕಲ್ಪನೆ ಉದ್ದಕ್ಕೂ ವಿಚಿತ್ರವಾಗಿಯೇ ಕಾಣುತ್ತದೆ. ಒಪ್ಪಿದವರಿಗೆ ಉಳಿದುದೆಲ್ಲ ಅದರಿಂದ ಸಹಜವಾಗಿ ಹೊರಡುತ್ತದೆ. ‘ಕೃಪೆ ಇದೆಯಲ್ಲಾ, ಪಾಪ ಮಾಡಿಕೊಂಡಿರೋಣವೇ’ ಎಂಬ ಕುಹಕದ ಪ್ರಶ್ನೆಯನ್ನು ಪೌಲನು ತಾನೇ ಎತ್ತಿ ತಾನೇ ತಳ್ಳಿಹಾಕುವುದು ಈ ಆಧಾರದ ಮೇಲೆಯೇ.

ಏಳನೆಯ ಅಧ್ಯಾಯದಲ್ಲಿ ತರ್ಕವು ಒಳಮನೆಗೆ ಇಳಿಯುತ್ತದೆ. ಮೆಚ್ಚುವ ಒಳ್ಳೆಯದನ್ನು ಮಾಡುವುದಿಲ್ಲ, ಮೆಚ್ಚದ ಕೆಟ್ಟದ್ದನ್ನೇ ಮಾಡುತ್ತೇನೆ, ಹಾಗಾದರೆ ಮಾಡುತ್ತಿರುವುದು ನಾನಲ್ಲ, ನನ್ನೊಳಗೆ ನೆಲೆಸಿರುವ ಪಾಪ ಎಂದು ಅಲ್ಲಿನ ‘ನಾನು’ ಹೇಳಿಕೊಳ್ಳುತ್ತದೆ. ಕನ್ನಡ ಓದುಗರಿಗೆ ಇಲ್ಲಿ ದುರ್ಯೋಧನನ ನೆನಪಾಗದೆ ಇರದು. ‘ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ, ಜಾನಾಮ್ಯಧರ್ಮಂ ನ ಚ ಮೇ ನಿವೃತ್ತಿಃ’ ಎಂದು ಪರಂಪರೆ ಅವನ ಬಾಯಲ್ಲಿಟ್ಟಿರುವ ಶ್ಲೋಕದ ಮೊದಲರ್ಧವು ಪೌಲನ ಮಾತಿಗೆ ಅಚ್ಚರಿ ಹುಟ್ಟಿಸುವಷ್ಟು ಹತ್ತಿರವಿದೆ. ಎರಡನೆಯ ಅರ್ಧವೂ ಮೇಲ್ನೋಟಕ್ಕೆ ಹತ್ತಿರವೇ: ಹೃದಯದಲ್ಲಿ ಕುಳಿತ ಯಾವುದೋ ದೇವನು ನಿಯೋಜಿಸಿದಂತೆ ಮಾಡುತ್ತೇನೆ ಎಂದು ದುರ್ಯೋಧನ ಹೇಳುತ್ತಾನೆ, ಒಳಗಿರುವ ಪಾಪವು ಮಾಡಿಸುತ್ತದೆ ಎಂದು ಪೌಲ. ಆದರೆ ದುರ್ಯೋಧನನ ಮಾತು ಅಲ್ಲಿಗೆ ಮುಗಿಯುತ್ತದೆ, ತನ್ನ ನಡತೆಗೆ ಕಾರಣವನ್ನು ಕೊಟ್ಟು ಅವನು ನಿಲ್ಲುತ್ತಾನೆ. ಪೌಲನು ನಿಲ್ಲುವುದಿಲ್ಲ. ‘ಅಯ್ಯೋ, ನಾನೆಂಥ ದುರವಸ್ಥೆಯಲ್ಲಿದ್ದೇನೆ, ನನ್ನನ್ನು ಬಿಡಿಸುವವರು ಯಾರು’ ಎಂಬ ಕೂಗು ಮುಂದಿನ ಸಾಲುಗಳಲ್ಲೇ ಬರುತ್ತದೆ. ಒಳಗೆ ಇನ್ನೊಬ್ಬನ ಆಳ್ವಿಕೆಯಿದೆ ಎಂಬ ಅರಿವು ಒಬ್ಬನಲ್ಲಿ ಸಮರ್ಥನೆಯಾಗಿ ಕೊನೆಗೊಂಡರೆ ಇನ್ನೊಬ್ಬನಲ್ಲಿ ಮೊರೆಯಾಗುತ್ತದೆ. ಕ್ರೈಸ್ತರು ವಿಶ್ವಾಸ ಎಂದು ಕರೆಯುವುದು ಈ ಮೊರೆಯಿಂದ ಆರಂಭವಾಗುತ್ತದೆ. ಆ ‘ನಾನು’ ಪೌಲನೇ, ಆದಾಮನೇ, ವಿಶ್ವಾಸಕ್ಕೆ ಬರುವ ಮುಂಚಿನವನೇ ಅಥವಾ ಬಂದ ಮೇಲಿನವನೇ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಕಿರಿಯ ವಯಸ್ಸಿನಲ್ಲಿ ಒಂದು ಬಗೆಯಾಗಿ ಓದಿದ್ದ ಪ್ರಾಚೀನ ಸಭೆಯ ಚಿಂತಕ ಅಗಸ್ಟೀನನೇ ಮುಂದೆ ಇನ್ನೊಂದು ಬಗೆಯಾಗಿ ಓದಿದನು.

ಪಾಪವನ್ನು ಹೀಗೆ ಯಜಮಾನನನ್ನಾಗಿ ಚಿತ್ರಿಸಿದರೆ ಒಂದು ಅಪಾಯವಿದೆ: ದೇವರಿಗೆ ಸರಿಸಮಾನವಾದ ಕೇಡಿನ ದೇವರೊಬ್ಬನನ್ನು ನಂಬಿದಂತೆ ಆಗಬಹುದು. ಅಗಸ್ಟೀನನು ತಾರುಣ್ಯದಲ್ಲಿ ಸುಮಾರು ಒಂಬತ್ತು ವರ್ಷ ಅಂಥದ್ದೇ ನಂಬಿಕೆಯ ಮಾನಿ ಪಂಥದಲ್ಲಿದ್ದನು. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ರೋಮಾಪುರದವರಿಗೆ ಬರೆದ ಇದೇ ಪತ್ರವನ್ನು ತೆರೆದು ಓದಿ ಮನಸ್ಸು ತಿರುಗಿದ ಮೇಲೆ, ಕೇಡಿಗೆ ಸ್ವಂತ ಅಸ್ತಿತ್ವವಿಲ್ಲ, ಅದು ಒಳ್ಳೆಯದರ ಕೊರತೆ ಅಥವಾ ಕೆಡುಕಾಗಿರುವಿಕೆ ಮಾತ್ರ ಎಂಬ ವಾದವನ್ನು ಬೆಳೆಸಿದನು. ಸೈತಾನನೂ ಈ ಲೆಕ್ಕದಲ್ಲಿ ಸೃಷ್ಟಿಯಾದ ಜೀವಿಯೇ, ಒಳ್ಳೆಯವನಾಗಿ ಹುಟ್ಟಿ ದಾರಿ ತಪ್ಪಿದವನೇ. ಮುಖ್ಯವಾಹಿನಿಯ ಸಭೆಗಳೆಲ್ಲ ಇದನ್ನು ಉಳಿಸಿಕೊಂಡಿವೆ. ಕೇಡು ಎಷ್ಟೇ ಭೀಕರವಾಗಿದ್ದರೂ ಅದು ಅತಿಕ್ರಮಣ ಮಾಡಿದ್ದೇ ಹೊರತು ಮೂಲದ ಒಡೆಯನಲ್ಲ.

ಇನ್ನು ಬಿಡುಗಡೆ ಆದದ್ದು ಹೇಗೆ? ಯೇಸುವಿನ ಶಿಲುಬೆಯ ಮರಣ ಮತ್ತು ಪುನರುತ್ಥಾನದಿಂದ ಎಂಬ ಉತ್ತರದಲ್ಲಿ ಎಲ್ಲರೂ ಒಂದೇ. ಅದು ಕೆಲಸ ಮಾಡುವ ಬಗೆಯನ್ನು ವಿವರಿಸಲು ಹೋದಾಗ ಮಾತ್ರ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಮನುಷ್ಯಕುಮಾರನು, ಅಂದರೆ ಯೇಸುವು, ಅನೇಕರ ಬಿಡುಗಡೆಗಾಗಿ ತನ್ನ ಪ್ರಾಣವನ್ನು ಈಡಾಗಿ ಕೊಡಲು ಬಂದನೆಂದು ಮಾರ್ಕನ ಸುವಾರ್ತೆಯಲ್ಲಿದೆ. ಈಡು, ಅಂದರೆ ಬಿಡುಗಡೆಯ ಬೆಲೆ, ಎಂದ ಮೇಲೆ ಪಡೆದವನು ಯಾರು? ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿಯು ಸೈತಾನನೆಂದನು. ಯೇಸುವಿನ ಮನುಷ್ಯದೇಹವನ್ನು ಕಂಡು ಬಾಯಿ ಹಾಕಿದ ಸೈತಾನನು ಒಳಗಿದ್ದ ದೈವತ್ವದ ಗಾಳಕ್ಕೆ ಸಿಕ್ಕಿಬಿದ್ದನೆಂಬುದು ಅವನ ವಿವರಣೆ. ಅವನ ಗೆಳೆಯನೂ ಅದೇ ಕಪ್ಪದೋಕ್ಯ ಪ್ರಾಂತದವನೂ ಆದ ನಾಜಿಯಾಂಜಸ್‌ನ ಗ್ರೆಗೊರಿಗೆ ಇದು ಸಹಿಸಲಾಗದ ಮಾತಾಗಿತ್ತು. ದರೋಡೆಕೋರನು ದೇವರನ್ನೇ ಸುಲಿಗೆಯಾಗಿ ಪಡೆಯುವುದೇ ಎಂದು ಅವನು ಕೇಳಿದನು. ತಂದೆಯಾದ ದೇವರಿಗೆ ಸಂದಿತೆನ್ನಲೂ ಆಗದು, ನಮ್ಮನ್ನು ಸೆರೆ ಹಿಡಿದಿದ್ದವನು ಅವನಲ್ಲವಲ್ಲ ಎಂದನು. ಸುಮಾರು ಏಳು ಶತಮಾನಗಳ ಬಳಿಕ, 1098ರಲ್ಲಿ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನು ಸೈತಾನನನ್ನು ಲೆಕ್ಕದಿಂದಲೇ ಹೊರಗಿಟ್ಟನು: ಪಾಪದಿಂದ ದೇವರ ಗೌರವಕ್ಕೆ ಭಂಗ ಬಂದಿದೆ, ಆ ಋಣವನ್ನು ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು ಮಾತ್ರ, ಆದ್ದರಿಂದ ದೇವ-ಮನುಷ್ಯನೇ ಬೇಕಾಯಿತು. ಅವನ ನಂತರದ ಪೀಳಿಗೆಯ ಅಬೆಲಾರ್ಡನು ರೋಮಾಪುರದ ಪತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ, ಶಿಲುಬೆಯಲ್ಲಿ ಪ್ರಕಟವಾದ ಪ್ರೀತಿಯು ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸುವುದೇ ಬಿಡುಗಡೆ ಎಂದನು. ಪ್ರಾಟೆಸ್ಟೆಂಟ್ ಸುಧಾರಕರು ಆನ್ಸೆಲ್ಮನ ಋಣದ ಜಾಗದಲ್ಲಿ ದಂಡನೆಯನ್ನು ತಂದರು.

ಈ ವಿವರಣೆಗಳಲ್ಲಿ ಯಾವುದನ್ನೂ ಪ್ರಾಚೀನ ಸಭೆಯ ಮಹಾಸಮ್ಮೇಳನಗಳು ಅಧಿಕೃತವೆಂದು ಘೋಷಿಸಲಿಲ್ಲ, ಮತ್ತು ಅದು ಒಳ್ಳೆಯದೇ ಆಯಿತು ಎನ್ನಿಸುತ್ತದೆ. ಒಂದೊಂದೂ ತನ್ನ ಕಾಲದ ನ್ಯಾಯಕಲ್ಪನೆಯನ್ನು ಹೊತ್ತು ತಂದಿದೆ. ಪೌಲನ ಯಜಮಾನ ಬದಲಾಗುವ ಚಿತ್ರಕ್ಕೆ ನನ್ನ ದೃಷ್ಟಿಯಲ್ಲಿ ಅತಿ ಸಮೀಪವಾದುದು ವಾದವಲ್ಲ, ಪೂರ್ವದ ಆರ್ಥಡಾಕ್ಸ್ ಸಭೆಗಳ ಪುನರುತ್ಥಾನದ ಚಿತ್ರ. ಇಸ್ತಾಂಬುಲಿನ ಕೋರಾ ದೇವಾಲಯದಲ್ಲಿ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬರೆದ ಭಿತ್ತಿಚಿತ್ರದಲ್ಲಿ ಕ್ರಿಸ್ತನು ಪಾತಾಳದ ಮುರಿದ ಬಾಗಿಲುಗಳ ಮೇಲೆ ನಿಂತು, ಒಂದು ಕೈಯಿಂದ ಆದಾಮನನ್ನೂ ಇನ್ನೊಂದು ಕೈಯಿಂದ ಹವ್ವಳನ್ನೂ ಮಣಿಕಟ್ಟು ಹಿಡಿದು ಸಮಾಧಿಗಳಿಂದ ಎಳೆದುಕೊಳ್ಳುತ್ತಿದ್ದಾನೆ; ಕೆಳಗಿನ ಕತ್ತಲಲ್ಲಿ ಬೀಗಗಳು, ಕೀಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ, ನಡುವೆ ಕೈಕಾಲು ಕಟ್ಟಿದ ಶತ್ರು. ಎಳೆಯಲ್ಪಡುವವರು ಹಿಡಿದುಕೊಂಡಿಲ್ಲ, ಹಿಡಿಯಲ್ಪಟ್ಟಿದ್ದಾರೆ.

ಇದೇ ತರ್ಕವನ್ನು ದೇಹದಿಂದ ಅಭಿನಯಿಸಿ ತೋರಿಸುವ ವಿಧಿಯೇ ದೀಕ್ಷಾಸ್ನಾನ. ನಾಲ್ಕನೆಯ ಶತಮಾನದ ಜೆರುಸಲೇಮಿನ ಕ್ರಮವನ್ನು ಅಲ್ಲಿನ ಬಿಷಪ್ ಸಿರಿಲನ ಹೆಸರಿನಲ್ಲಿ ಉಳಿದಿರುವ ಉಪದೇಶಗಳು ವಿವರವಾಗಿ ಹೇಳುತ್ತವೆ. ದೀಕ್ಷೆಗೆ ಬಂದವರು ಮೊದಲು ಕತ್ತಲೆಯ ದಿಕ್ಕಾದ ಪಶ್ಚಿಮಕ್ಕೆ ಮುಖಮಾಡಿ, ಎದುರಿಗೇ ನಿಂತವನಿಗೆ ಹೇಳುವಂತೆ ಕೈ ಚಾಚಿ, ಸೈತಾನನೇ, ನಿನ್ನನ್ನೂ ನಿನ್ನ ಎಲ್ಲ ಕೆಲಸಗಳನ್ನೂ ಆಡಂಬರವನ್ನೂ ತ್ಯಜಿಸುತ್ತೇನೆ ಎನ್ನುತ್ತಿದ್ದರು. ಆಮೇಲೆ ಪೂರ್ವಕ್ಕೆ ತಿರುಗಿ ತಂದೆ, ಮಗ, ಪವಿತ್ರಾತ್ಮರಲ್ಲಿ ವಿಶ್ವಾಸವನ್ನು ಅರಿಕೆ ಮಾಡುತ್ತಿದ್ದರು. ಬಳಿಕ ನೀರಿನಲ್ಲಿ ಮೂರು ಬಾರಿ ಮುಳುಗು. ಐಗುಪ್ತದ (ಈಜಿಪ್ಟಿನ) ಅರಸ ಫರೋಹನು ದಾಸತ್ವದಿಂದ ಹೊರಟ ಇಸ್ರಾಯೇಲರನ್ನು ಸಮುದ್ರದವರೆಗೂ ಅಟ್ಟಿಕೊಂಡು ಬಂದು ಅಲ್ಲಿ ಮುಳುಗಿದಂತೆ, ಇಲ್ಲಿ ಸೈತಾನನು ನೀರಿನವರೆಗೆ ಬಂದು ಅದರಲ್ಲಿ ಮಾಯವಾಗುತ್ತಾನೆಂದು ಆ ಉಪದೇಶದಲ್ಲಿ ವಿವರಿಸಲಾಗಿದೆ. ಕಥೋಲಿಕ ಸಭೆಯಲ್ಲಿ ಈ ತ್ಯಾಗವಚನ ಇಂದಿಗೂ ಇದೆ. ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ, ಉರಿಯುವ ಮೇಣದಬತ್ತಿಗಳನ್ನು ಹಿಡಿದ ಜನರನ್ನು ಗುರುಗಳು ಸೈತಾನನನ್ನು ತ್ಯಜಿಸುತ್ತೀರಾ ಎಂದು ಕೇಳುತ್ತಾರೆ. ಕರ್ನಾಟಕದ ದೇವಾಲಯಗಳಲ್ಲಿ ಅದಕ್ಕೆ ಕನ್ನಡದಲ್ಲೂ ಕೊಂಕಣಿಯಲ್ಲೂ ಉತ್ತರ ಬರುತ್ತದೆ. ಪ್ರತಿ ವರ್ಷವೂ ಕೇಳಬೇಕಾಗಿರುವುದು ಗಮನಾರ್ಹ.

ಏಕೆಂದರೆ ಬಿಡುಗಡೆಯಾದವರು ಮತ್ತೆ ಪಾಪ ಮಾಡುತ್ತಾರೆ. ಈ ಸರಳ ಅನುಭವವೇ ಸಭೆಯ ದೊಡ್ಡ ಜಗಳಗಳಲ್ಲಿ ಒಂದಕ್ಕೆ ಕಾರಣವಾಯಿತು. ‘ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ಬೇಕಾದುದನ್ನು ಆಜ್ಞಾಪಿಸು’ ಎಂಬ ಅಗಸ್ಟೀನನ ಪ್ರಾರ್ಥನೆಯನ್ನು ರೋಮಿನಲ್ಲಿ ಯಾರೋ ಓದಿ ಹೇಳಿದಾಗ, ಬ್ರಿಟನ್ ಮೂಲದ ತಪಸ್ವಿ ಪೆಲಾಜಿಯಸ್ ಕೆರಳಿದನೆಂದು ಅಗಸ್ಟೀನನೇ ದಾಖಲಿಸಿದ್ದಾನೆ. ಆಗದ ಕೆಲಸವನ್ನು ದೇವರು ಹೇಳುವನೇ, ಮನಸ್ಸು ಮಾಡಿದರೆ ಮನುಷ್ಯನು ಪಾಪವಿಲ್ಲದೆ ಇರಬಲ್ಲ ಎಂಬುದು ಪೆಲಾಜಿಯಸನ ನಿಲುವು. ನೀತಿವಂತನ ಮಾತಿನಂತೆ ಕೇಳುವ ಈ ನಿಲುವನ್ನು 418ರಲ್ಲಿ ಕಾರ್ಥೇಜಿನ ಬಿಷಪರ ಸಭೆ ತಿರಸ್ಕರಿಸಿತು. ಮೊದಲ ನೋಟಕ್ಕೆ ಪೆಲಾಜಿಯಸನೇ ಹೆಚ್ಚು ಉದಾರಿ ಎನ್ನಿಸುತ್ತದೆ. ಆದರೆ ಸಾಧ್ಯವಿತ್ತು, ಆದರೂ ಮಾಡಲಿಲ್ಲ ಎಂಬ ತೀರ್ಪಿನಡಿ ಬದುಕುವುದು, ಆಗದೆ ಕೈಚಾಚಿದವನನ್ನು ಎತ್ತುವ ಕೃಪೆಯಡಿ ಬದುಕುವುದಕ್ಕಿಂತ ಕಠಿಣ. ಮುಂದೆ ಸಭೆಗಳು ಬೇರೆ ಬೇರೆ ದಾರಿ ಹಿಡಿದವು. ಕಥೋಲಿಕರು ಪಾಪನಿವೇದನೆಯ ಸಂಸ್ಕಾರವನ್ನೂ ಕೃಪೆಯಲ್ಲಿ ಬೆಳೆಯುವುದನ್ನೂ ಒತ್ತಿ ಹೇಳಿದರು, ಜರ್ಮನಿಯ ಪ್ರಾಟೆಸ್ಟೆಂಟ್ ಸುಧಾರಕ ಲೂಥರನು ವಿಶ್ವಾಸಿಯು ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಆಗಿರುತ್ತಾನೆಂದನು, ಮೆಥಡಿಸ್ಟ್ ಪರಂಪರೆಯ ವೆಸ್ಲಿಯು ಈ ಜೀವನದಲ್ಲಿಯೇ ಪ್ರೀತಿಯ ಪರಿಪೂರ್ಣತೆ ಸಾಧ್ಯವೆಂದನು.

ಕೇಡಿನಿಂದ ಬಿಡುಗಡೆ ಎಂದೊಡನೆ ಇಂದು ಅನೇಕರಿಗೆ ನೆನಪಾಗುವುದು ದೆವ್ವ ಬಿಡಿಸುವ ಪ್ರಾರ್ಥನಾಕೂಟಗಳು. ಯೇಸು ದೆವ್ವಗಳನ್ನು ಬಿಡಿಸಿದ ಪ್ರಸಂಗಗಳು ಸುವಾರ್ತೆಗಳಲ್ಲಿ ಹೇರಳವಾಗಿರುವುದರಿಂದ ಇದನ್ನು ಹೊರಗಿನಿಂದ ಬಂದ ಕಲಬೆರಕೆ ಎನ್ನಲಾಗದು. ಆದರೆ ಕಥೋಲಿಕ ಸಭೆಯ ಕಾನೂನಿನ ಪ್ರಕಾರ ತನ್ನ ಪ್ರಾಂತದ ಬಿಷಪರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ವಿಧ್ಯುಕ್ತವಾಗಿ ದೆವ್ವ ಬಿಡಿಸುವಂತಿಲ್ಲ, ಮತ್ತು 1999ರಲ್ಲಿ ಪ್ರಕಟವಾದ ಪರಿಷ್ಕೃತ ವಿಧಿಯು ಮೊದಲು ಅದು ಮನೋರೋಗವಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದು ಹೇಳುತ್ತದೆ. ಔಷಧ ನಿಲ್ಲಿಸಿ ಪ್ರಾರ್ಥನೆಗೆ ಬನ್ನಿ ಎನ್ನುವವರಿಗೆ ಪರಂಪರೆಯ ಬೆಂಬಲವಿಲ್ಲ. ಪೌಲನ ಪತ್ರವಂತೂ ಕೇಡಿನ ಆಳ್ವಿಕೆಯನ್ನು ಅಪರೂಪದ ಆವೇಶಗಳಲ್ಲಿ ಹುಡುಕುವುದಿಲ್ಲ. ಅಸೂಯೆ, ಚಾಡಿ, ಲೋಭ, ಕನಿಕರವಿಲ್ಲದಿರುವಿಕೆ ಮುಂತಾದ ದಿನನಿತ್ಯದ ನಡತೆಯಲ್ಲಿ ಅದನ್ನು ತೋರಿಸುತ್ತದೆ.

ಕೊನೆಯದಾಗಿ, ಹೆಚ್ಚು ಕಷ್ಟದ ಪ್ರಶ್ನೆ. ಆತ್ಮದ ಯಜಮಾನ ಬದಲಾದರೆ ದೇಹದ ಯಜಮಾನನ ಗತಿ ಏನು? 1520ರಲ್ಲಿ ಲೂಥರನು ಕ್ರೈಸ್ತನ ಸ್ವಾತಂತ್ರ್ಯದ ಕುರಿತ ಪುಸ್ತಿಕೆಯಲ್ಲಿ, ಕ್ರೈಸ್ತನು ಎಲ್ಲರಿಗೂ ಒಡೆಯ, ಯಾರಿಗೂ ಅಧೀನನಲ್ಲ; ಕ್ರೈಸ್ತನು ಎಲ್ಲರಿಗೂ ಸೇವಕ, ಎಲ್ಲರಿಗೂ ಅಧೀನ ಎಂದು ಎರಡು ಎದುರುಬದುರಿನ ಮಾತುಗಳನ್ನು ಅಕ್ಕಪಕ್ಕ ಇಟ್ಟನು. ಮೊದಲನೆಯದು ವಿಶ್ವಾಸದಿಂದ, ಎರಡನೆಯದು ಪ್ರೀತಿಯಿಂದ. ಐದು ವರ್ಷಗಳಾದ ಮೇಲೆ ದಕ್ಷಿಣ ಜರ್ಮನಿಯ ರೈತರು ಮೆಮ್ಮಿಂಗೆನ್ ಪಟ್ಟಣದಲ್ಲಿ ಹನ್ನೆರಡು ಬೇಡಿಕೆಗಳನ್ನು ಬರೆದರು. ಮೂರನೆಯ ಬೇಡಿಕೆಯಲ್ಲಿ, ಕ್ರಿಸ್ತನು ತನ್ನ ರಕ್ತದಿಂದ ದೊಡ್ಡವರು ಚಿಕ್ಕವರೆನ್ನದೆ ಎಲ್ಲರನ್ನೂ ಬಿಡಿಸಿರುವಾಗ ನಮ್ಮನ್ನು ಜೀತದಾಳುಗಳನ್ನಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದರು. ಲೂಥರನು ಒಪ್ಪಲಿಲ್ಲ. ಇದು ಆತ್ಮಿಕ ಸ್ವಾತಂತ್ರ್ಯವನ್ನು ಶಾರೀರಿಕವಾಗಿ ಮಾಡುತ್ತದೆ, ಅಬ್ರಹಾಮನಿಗೂ ಗುಲಾಮರಿದ್ದರು ಎಂದು ಉತ್ತರಿಸಿದನು. ರೈತರು ಅವನ ಮೊದಲ ಮಾತನ್ನು ಅವನಿಗಿಂತ ಗಂಭೀರವಾಗಿ ತೆಗೆದುಕೊಂಡಿದ್ದರು ಎನ್ನದೆ ವಿಧಿಯಿಲ್ಲ.

ಲೂಥರನ ವಿಂಗಡಣೆಯನ್ನು ಅವನ ಕಲ್ಪನೆಗೂ ಮೀರಿ ಬಳಸಿಕೊಂಡವರು ಅಟ್ಲಾಂಟಿಕ್ ಸಾಗರದ ಆಚೆಗಿನ ತೋಟದ ಯಜಮಾನರು. ದೀಕ್ಷಾಸ್ನಾನ ಹೊಂದಿದ ಮಾತ್ರಕ್ಕೆ ಗುಲಾಮನು ಗುಲಾಮಗಿರಿಯಿಂದ ಮುಕ್ತನಾಗುವುದಿಲ್ಲವೆಂದು ವರ್ಜೀನಿಯ ವಸಾಹತು 1667ರಲ್ಲಿ ಕಾನೂನು ಮಾಡಿತು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಅಚ್ಚಾದ ಬೈಬಲ್ ಆಯ್ಕೆಯಲ್ಲಿ, ಇಸ್ರಾಯೇಲರು ಐಗುಪ್ತದ ದಾಸತ್ವದಿಂದ ಹೊರಬಂದ ಕಥೆಯನ್ನೇ ಬಿಟ್ಟುಬಿಡಲಾಗಿತ್ತು. ಯಾವ ಕಥೆಯಿಂದ ಪೌಲನೂ ಸಿರಿಲನೂ ಬಿಡುಗಡೆ ಎಂಬುದರ ಅರ್ಥವನ್ನು ಪಡೆದಿದ್ದರೋ ಅದಿಲ್ಲದೆಯೇ ಗುಲಾಮರಿಗೆ ಪಾಪದಿಂದ ಬಿಡುಗಡೆಯನ್ನು ಬೋಧಿಸಲಾಯಿತು. ಆದರೆ ಹಾಡುಗಳಲ್ಲಿ, ಬಾಯಿಮಾತಿನಲ್ಲಿ ಆ ಕಥೆ ಗುಲಾಮರಿಗೆ ಹೇಗೋ ತಲುಪಿತ್ತು, ಇಸ್ರಾಯೇಲರನ್ನು ಹೊರತಂದ ಮೋಶೆ ಮತ್ತು ಫರೋಹರ ಹೆಸರುಗಳು ಅವರ ಹಾಡುಗಳಲ್ಲಿ ತುಂಬಿಕೊಂಡವು.

ಭಾರತದಲ್ಲಿ ಈ ಪ್ರಶ್ನೆ ಜಾತಿಯ ರೂಪದಲ್ಲಿ ಬಂತು. ಕ್ರೈಸ್ತರಾದ ದಲಿತರಿಗೆ ಪಾಪದಿಂದ ಬಿಡುಗಡೆಯಾಗಿದೆ ಎಂದು ಬೋಧಿಸಿದ ಸಭೆಗಳಲ್ಲಿಯೇ ಎಷ್ಟೋ ಕಡೆ ಅವರಿಗೆ ಬೇರೆ ಬೆಂಚು, ಬೇರೆ ಸ್ಮಶಾನ ಇದ್ದವು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣವನ್ನು ದಲಿತ ದೇವತಾಶಾಸ್ತ್ರದ ಆರಂಭವೆಂದು ಗುರುತಿಸುತ್ತಾರೆ. ಅವರು ಮುಂದೆ ತಮ್ಮ ಚಿಂತನೆಗೆ ಮಾದರಿಯಾಗಿ ಆರಿಸಿಕೊಂಡದ್ದು ಬೈಬಲಿನ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಅರಿಕೆಯನ್ನು: ನೆಲದ ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತಂದ ಇಸ್ರಾಯೇಲನು, ನನ್ನ ಪೂರ್ವಜನು ಗತಿಯಿಲ್ಲದೆ ಅಲೆಯುತ್ತಿದ್ದ ಅರಾಮ್ಯನು, ಐಗುಪ್ತದವರು ನಮ್ಮನ್ನು ಹಿಂಸಿಸಿ ಬಿಟ್ಟಿ ದುಡಿಸಿದರು, ನಾವು ಕೂಗಿಕೊಂಡೆವು, ದೇವರು ಕೇಳಿದನು ಎಂದು ಯಾಜಕನ ಮುಂದೆ ಹೇಳುತ್ತಾನೆ. ಈ ಅರಿಕೆಯಲ್ಲಿ ಪಾಪದ ಮಾತಿಲ್ಲ, ದುಡಿಸಿಕೊಂಡವರ ಕ್ರೌರ್ಯದ ಮಾತಿದೆ. ಬಿಡುಗಡೆಯಾದವನು ತನ್ನ ಕುಲದ ಹಿಂದಿನ ದೈನ್ಯವನ್ನು ಮರೆಮಾಚದೆ ಮೊದಲ ವಾಕ್ಯದಲ್ಲಿಯೇ ಹೇಳುತ್ತಾನೆ. ದಲಿತ ಕ್ರೈಸ್ತನ ವಿಶ್ವಾಸದ ಅರಿಕೆಯೂ ಅಲ್ಲಿಂದಲೇ, ತನ್ನ ದಲಿತತನದ ನೆನಪಿನಿಂದಲೇ ಹೊರಡಬೇಕೆಂಬುದು ನಿರ್ಮಲ್ ಅವರ ವಾದವಾಗಿತ್ತು.